ಧಾರಣೆ ಕೂಗುವ ಪೆಟ್ಟಿಗೆ ತೊದಲಿದರೆ ಸ್ಪೀಕರ್ ಬದಲಿಸಬೇಡಿ

ರಾಯಚೂರಿನ ಗಂಜ್‌ನಲ್ಲಿ ಹತ್ತಿ ಧಾರಣೆ ಕೂಗಲು ಕೂರಿಸಿದ್ದ ಲಿನಕ್ಸ್ ಬೋರ್ಡ್ ‘ಏಳು ಸಾವಿರದ, ಸಾವಿರದ, ಸಾವಿರದ’ ಎಂದು ತೊದಲಿ ಮುಂದಿನ ಅಂಕಿಯನ್ನೇ ನುಂಗುತ್ತಿತ್ತು. ಮಾಲು ಇಳಿಸಿ ಕಿವಿಗೊಟ್ಟು ನಿಂತ ರೈತನಿಗೆ ಬೇಕಿದ್ದುದೇ ಆ ಅಂಕಿ. ಮಾರಿದವರು ಮೊದಲು ಸ್ಪೀಕರ್ ಬದಲಿಸಿದರು, ಆಮೇಲೆ ಬಫರ್ (ನುಡಿಸುವ ಮುನ್ನ ದನಿ ತುಂಬಿಡುವ ಮೆಮೊರಿ) ದೊಡ್ಡದು ಮಾಡಿ ಎಂದರು. ಎರಡಕ್ಕೂ ಒಪ್ಪಬೇಡಿ. ಅಂಥ ಪೆಟ್ಟಿಗೆ ನಿಮ್ಮಲ್ಲೂ ಇದ್ದರೆ ಮೊದಲು ಡಿಮೆಸೇಜ್ (dmesg, ಕರ್ನೆಲ್ ಬರೆದಿಡುವ ಸಂದೇಶಗಳ ದಾಖಲೆ) ತೆಗೆದು ‘ಇನ್‌ವ್ಯಾಲಿಡ್ ಪೊಸಿಷನ್’ ಎಂಬ ಸಾಲು ಹುಡುಕಿ.

ಆ ಸಾಲು ಸಿಕ್ಕರೆ ತಪ್ಪು ಸೌಂಡ್ ಚಿಪ್ ನಡೆಸುವ ಡ್ರೈವರಿನ ಪಾಯಿಂಟರ್ ಫಂಕ್ಷನ್‌ನಲ್ಲಿದೆ. ಹಾರ್ಡ್‌ವೇರ್ ಬಫರಿನಲ್ಲಿ ಎಲ್ಲಿಯವರೆಗೆ ನುಡಿಸಿದೆ ಎಂಬುದನ್ನು ಅದು ಆಲ್ಸಾಗೆ (ಲಿನಕ್ಸ್‌ನ ದನಿ ವ್ಯವಸ್ಥೆ) ಫ್ರೇಮ್‌ಗಳಲ್ಲಿ (ಎಲ್ಲ ಚಾನೆಲ್‌ಗಳ ಒಂದೊಂದು ಸ್ಯಾಂಪಲ್ ಸೇರಿ ಒಂದು ಫ್ರೇಮ್) ಹೇಳಬೇಕು. ಇಲ್ಲಿ ಬೈಟ್ ಲೆಕ್ಕವನ್ನೇ ಕೊಟ್ಟಿದ್ದರು. 16 ಬಿಟ್ ಸ್ಟೀರಿಯೋದಲ್ಲಿ ಒಂದು ಫ್ರೇಮ್‌ಗೆ 4 ಬೈಟ್. ಬಫರ್ 4096 ಫ್ರೇಮ್ ಇದ್ದರೆ, ಕಾಲು ಭಾಗ ನುಡಿಸುವಷ್ಟರಲ್ಲೇ ಬೈಟ್ ಲೆಕ್ಕ 4096 ಮುಟ್ಟುತ್ತದೆ. ಆಲ್ಸಾ ಒಪ್ಪುವುದು 0ಯಿಂದ 4095ರವರೆಗೆ ಮಾತ್ರ. ಅದರಾಚೆ ಏನು ಬಂದರೂ 0 ಎಂದೇ ಹಿಡಿಯುತ್ತದೆ. ಜಾಗ ಖಾಲಿಯಾದದ್ದು ತಿಳಿಯದೆ ಪ್ಲೇಯರ್ ಹೊಸ ದನಿ ತುಂಬುವುದಿಲ್ಲ, ಹಾರ್ಡ್‌ವೇರ್ ಹಳೆಯದನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಬಫರನ್ನು ನಾಲ್ಕು ಪಟ್ಟು ಹಿಗ್ಗಿಸಿದರೂ ಕಾಲು ಭಾಗದ ಲೆಕ್ಕ ಕಾಲು ಭಾಗವೇ. 8 ಬಿಟ್ ಮೋನೋ ಬೀಪ್ ಮಾತ್ರ ಸರಿಯಾಗಿ ಬರುತ್ತದೆ, ಅಲ್ಲಿ ಫ್ರೇಮ್ ಅಂದರೆ ಒಂದೇ ಬೈಟ್. ಬೀಪ್ ಕೇಳಿಸಿ ‘ಟೆಸ್ಟ್ ಆಯ್ತು’ ಎನ್ನುವವರನ್ನು ನಂಬಬೇಡಿ.

ಬೈಟನ್ನು ಫ್ರೇಮಿಗೆ ಬದಲಿಸುವ ಬೈಟ್ಸ್-ಟು-ಫ್ರೇಮ್ಸ್ ಹಾಕಿದರೆ ತೊದಲು ನಿಲ್ಲುತ್ತದೆ, ಕೆಲಸ ಮುಗಿಯುವುದಿಲ್ಲ. ಡಿಎಂಎಯಲ್ಲಿ (ಪ್ರೊಸೆಸರ್ ಕೈಹಾಕದೆ ದನಿಯನ್ನು ಮೆಮೊರಿಯಿಂದ ಸಾಗಿಸುವ ಯಂತ್ರಾಂಶ) ಉಳಿದ ಬೈಟ್ ಸೊನ್ನೆಯಾದ ಕ್ಷಣ ಲೆಕ್ಕ ಸರಿಯಾಗಿ 4096 ಬರುತ್ತದೆ. ಅದನ್ನು 0 ಮಾಡಿಯೇ ಕಳಿಸಬೇಕು. ಕೆಲವು ಚಿಪ್‌ಗಳ ಕೌಂಟರ್ ಒಂದು ಪೀರಿಯಡ್‌ನೊಳಗಿನದ್ದನ್ನಷ್ಟೇ (ಬಫರಿನ ಒಂದು ತುಂಡು) ಎಣಿಸುತ್ತದೆ, ಮುಗಿದ ಪೀರಿಯಡ್‌ಗಳನ್ನು ಡ್ರೈವರೇ ಕೂಡಿಸಬೇಕು. ನಿಜವಾದ ಗಂಡಾಂತರ ಅಲ್ಲಿದೆ: ಕೌಂಟರ್ ಸೊನ್ನೆಗೆ ಮರಳಿ, ಇಂಟರಪ್ಟ್ (ಪೀರಿಯಡ್ ಮುಗಿಯಿತೆಂದು ಹಾರ್ಡ್‌ವೇರ್ ಕೊಡುವ ಸೂಚನೆ) ಇನ್ನೂ ಪೀರಿಯಡ್ ಸಂಖ್ಯೆ ಏರಿಸದ ಸಂದಿಯಲ್ಲಿ ಓದಿದರೆ ಸ್ಥಾನ ಒಂದು ಪೀರಿಯಡ್ ಹಿಂದಕ್ಕೆ ಜಿಗಿಯುತ್ತದೆ. ಲಾಕ್ (ಒಂದೇ ಲೆಕ್ಕವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಹಾಕುವ ತಡೆ) ಹಿಡಿದರಷ್ಟೇ ಸಾಲದು, ಬಾಕಿ ಇರುವ ಇಂಟರಪ್ಟನ್ನೂ ನೋಡಿ ಲೆಕ್ಕಕ್ಕೆ ಸೇರಿಸಬೇಕು. ಪೀರಿಯಡ್ ಮುಗಿಯಿತೆಂದು ಆಲ್ಸಾಗೆ ತಿಳಿಸುವ ಪೀರಿಯಡ್-ಎಲ್ಯಾಪ್ಸ್ಡ್ ಕರೆಯುವ ಮುನ್ನ ಆ ಲಾಕ್ ಬಿಡಲೇಬೇಕು. ಅದು ಒಳಗಿಂದ ಪಾಯಿಂಟರ್ ಫಂಕ್ಷನ್ನನ್ನೇ ಕರೆಯುತ್ತದೆ, ಅದಕ್ಕೂ ಅದೇ ಲಾಕ್ ಬೇಕು, ಲಾಕ್ ಕೈಯಲ್ಲಿದ್ದರೆ ಬೋರ್ಡ್ ಅಲ್ಲೇ ಸ್ತಬ್ಧ.

ದುಡ್ಡು ಕೊಡುವ ಮುನ್ನ 48000 ಹರ್ಟ್ಸ್‌ನಲ್ಲಿ 16 ಬಿಟ್ ಮೋನೋ, 16 ಬಿಟ್ ಸ್ಟೀರಿಯೋ, 32 ಬಿಟ್ ಸ್ಟೀರಿಯೋ ಮೂರನ್ನೂ ನುಡಿಸಿ. ಪ್ರಾಕ್‌ನೊಳಗಿನ ಆಸೌಂಡ್ (/proc/asound) ಸ್ಟೇಟಸ್ ಫೈಲಿನಲ್ಲಿ ಎಚ್‌ಡಬ್ಲ್ಯೂ-ಪಾಯಿಂಟರ್ (hw_ptr, ನುಡಿಸಿದ ಫ್ರೇಮ್‌ಗಳ ಲೆಕ್ಕ) ಸೆಕೆಂಡಿಗೆ ಸುಮಾರು 48000ದಂತೆ ಏರಬೇಕು, ಎಲ್ಲೂ ಇಳಿಯಬಾರದು.