97 ಬರಬೇಕು, 96.51 ಅಲ್ಲ: ಸ್ವಿಗ್, ಪೈಬೈಂಡ್11, ನ್ಯಾನೋಬೈಂಡ್ ಪರೀಕ್ಷಿಸಿದ ಬಗೆ

ಮೆಕ್ಕೆಜೋಳದ ಹಂಗಾಮಿನಲ್ಲಿ ದಾವಣಗೆರೆ ಎಪಿಎಂಸಿಯ ವೇಬ್ರಿಡ್ಜ್ ಮುಂದೆ ಟ್ರ್ಯಾಕ್ಟರ್‌ಗಳ ಸಾಲು ಕರಗುವುದೇ ಇಲ್ಲ. ಅಲ್ಲಿನ ಒಂದು ದಲಾಲಿ ಅಂಗಡಿಗೆ ನಾನು ಬರೆಯುತ್ತಿರುವ ತೂಕದ ತಂತ್ರಾಂಶದ ತಿರುಳು ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ತೇವಾಂಶಕ್ಕೆ ಎಷ್ಟು ಕಡಿತ ಎಂಬ ನಿಯಮ ಮಾತ್ರ ಪೈಥಾನ್‌ನಲ್ಲಿದೆ. ಆ ನಿಯಮ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಗುಮಾಸ್ತರ ಮಗ ತಾನೇ ಕುಳಿತು ತಿದ್ದಿಕೊಳ್ಳುವಂತಿರಬೇಕು. ಹಾಗಾಗಿ ಸಿ++ನ ‘ಕಡಿತ’ ಎಂಬ ಮೂಲ ಕ್ಲಾಸಿನಿಂದ ಪೈಥಾನ್‌ನಲ್ಲಿ ಉಪಕ್ಲಾಸ್ (ಮೂಲ ಕ್ಲಾಸಿನ ಅಚ್ಚನ್ನೇ ಹಿಡಿದು ಲೆಕ್ಕವನ್ನು ಮಾತ್ರ ಬದಲಿಸುವ ಮರಿ ಕ್ಲಾಸ್) ಹುಟ್ಟಬೇಕು, ಬಿಲ್ ಹಾಕುವ ಸಿ++ ಕೋಡ್ ಲೆಕ್ಕವನ್ನು ಆ ಉಪಕ್ಲಾಸಿನಿಂದಲೇ ಕೇಳಿ ಪಡೆಯಬೇಕು. ಸ್ವಿಗ್, ಪೈಬೈಂಡ್11, ನ್ಯಾನೋಬೈಂಡ್ ಈ ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವ ಉಪಕರಣಗಳು. ಮೂರನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದೆ.

ಪರೀಕ್ಷೆಗೆ ಒಂದು ಲೋಡ್ ಇಟ್ಟುಕೊಂಡೆ: 100 ಕ್ವಿಂಟಲ್, ತೇವಾಂಶ ಶೇ. 17. ಮೂಲ ಕ್ಲಾಸ್ ಅದನ್ನು ಶೇ. 14ಕ್ಕೆ ಒಣಗಿಸಿದ ತೂಕಕ್ಕೆ ಇಳಿಸುತ್ತದೆ. 100ನ್ನು 83ರಿಂದ ಗುಣಿಸಿ 86ರಿಂದ ಭಾಗಿಸಿದರೆ 96.51 ಕ್ವಿಂಟಲ್. ಅಂಗಡಿಯ ನಿಯಮ ಸರಳ: 14ರ ಮೇಲಿನ ಪ್ರತಿ ಶೇಕಡಾಕ್ಕೆ ಕ್ವಿಂಟಲಿಗೆ ಒಂದು ಕಿಲೋ. ಅಂದರೆ 97. ಉಪಕ್ಲಾಸಿನ ಮಾತು ಸಿ++ಗೆ ಕೇಳಿಸದೆ ಹೋದರೆ ರೈತನಿಗೆ ಸುಮಾರು 49 ಕಿಲೋ ಕಡಿಮೆ. 2025–26ರ ಬೆಂಬಲ ಬೆಲೆ 2,400 ರೂಪಾಯಿಯಂತೆ ಹಿಡಿದರೂ ಒಂದು ಲೋಡಿಗೆ ಸಾವಿರದ ನೂರು ರೂಪಾಯಿ ದಾಟುತ್ತದೆ.

ಮೊದಲು ಸ್ವಿಗ್. 1990ರ ದಶಕದಿಂದ ಬಳಕೆಯಲ್ಲಿರುವ ಹಳೆಯ ಉಪಕರಣ. ಸಿ++ ಕ್ಲಾಸ್‌ಗಳ ವಿವರ ಇರುವ ಹೆಡರ್ ಫೈಲನ್ನು ತಾನೇ ಓದಿಕೊಂಡು ಪೈಥಾನ್, ರೂಬಿ, ಲುವಾ, ಜಾವಾ ಎಲ್ಲಕ್ಕೂ ಸೇತುವೆ ಕಟ್ಟುತ್ತದೆ. ಅರ್ಧ ಗಂಟೆಯಲ್ಲಿ ಉಪಕ್ಲಾಸ್ ಸಿದ್ಧವಾಯಿತು. ಪೈಥಾನ್‌ನಿಂದ ನೇರವಾಗಿ ಕರೆದಾಗ 97 ಬಂತು, ಬಿಲ್ ಕೋಡಿನ ಮೂಲಕ ಕರೆದಾಗ 96.51. ಕಾರಣ, ಸಿ++ನಿಂದ ಪೈಥಾನ್ ಕಡೆಗೆ ಕರೆ ತಿರುಗಿಸುವ ‘ಡೈರೆಕ್ಟರ್’ ಸೌಲಭ್ಯ ಸ್ವಿಗ್‌ನಲ್ಲಿ ತಾನಾಗಿ ಚಾಲೂ ಇರುವುದಿಲ್ಲ. ಅದಕ್ಕೆ ತಗಲುವ ಹೆಚ್ಚಿನ ವೆಚ್ಚದಿಂದಾಗಿ ಬೇಕೆಂದವರು ಕೇಳಿ ಪಡೆಯಬೇಕು. ಇಂಟರ್‌ಫೇಸ್ ಫೈಲಿನಲ್ಲಿ ಎರಡು ಸಾಲು ಸೇರಿಸಿದೆ, 97 ಬಂತು. ಆಮೇಲೆ ಉಪಕ್ಲಾಸಿನಿಂದ ಮಾಡಿದ ನಿಯಮದ ವಸ್ತುವನ್ನು ವೇರಿಯಬಲ್‌ಗೆ ಕೊಡದೆ ನೇರವಾಗಿ ಬಿಲ್‌ಗೆ ಒಪ್ಪಿಸಿದೆ. ಪ್ರೋಗ್ರಾಂ ಅಲ್ಲೇ ಕುಸಿಯಿತು. ಮಾಲೀಕತ್ವ ಪೈಥಾನ್ ಬಳಿಯೇ ಇದ್ದುದರಿಂದ ವಸ್ತು ಅಳಿದಿತ್ತು, ಸಿ++ ಕೈಯಲ್ಲಿ ಸತ್ತ ವಿಳಾಸ ಉಳಿದಿತ್ತು. ‘ಡಿಸ್‌ಓನ್’ ಕರೆದು ಮಾಲೀಕತ್ವ ಬಿಟ್ಟುಕೊಟ್ಟರೆ ಸರಿಹೋಗುತ್ತದೆ, ಆದರೆ ಅದನ್ನು ಆ ಹುಡುಗ ಪ್ರತಿ ಸಲ ನೆನಪಿಟ್ಟುಕೊಳ್ಳಬೇಕು.

ಪೈಬೈಂಡ್11 ಮೇಲೆ ನನಗೆ ಮೊದಲಿನಿಂದಲೂ ಒಲವು. ಹೆಡರ್ ಫೈಲ್‌ಗಳಷ್ಟೇ ಸಾಕು, ಬರೆಯುವುದೆಲ್ಲ ಸಿ++ನಲ್ಲೇ. ಉಪಕ್ಲಾಸ್ ಬದಲಿಸಬಹುದಾದ ಪ್ರತಿ ವರ್ಚುವಲ್ ಫಂಕ್ಷನ್‌ಗೂ ‘ಟ್ರ್ಯಾಂಪೊಲಿನ್’ ಎಂಬ ನಡುವಿನ ಕ್ಲಾಸಿನಲ್ಲಿ ಒಂದೊಂದು ಸಾಲು ಕೈಯಾರೆ ಬರೆಯಬೇಕು. ನಡುವೆ ಇನ್ನೊಂದು ಸಿ++ ಉಪಕ್ಲಾಸ್ ಇದ್ದರೆ ಅದಕ್ಕೂ ಬೇರೆ ಟ್ರ್ಯಾಂಪೊಲಿನ್ ಬೇಕು. ಈ ಬೇಸರದ ಕೆಲಸದಲ್ಲಿ ಸ್ವಿಗ್ ಎಷ್ಟೋ ಮುಂದೆ. ಹುಡುಗ ಕನ್‌ಸ್ಟ್ರಕ್ಟರ್ (ವಸ್ತು ಹುಟ್ಟುವಾಗ ಓಡುವ ಫಂಕ್ಷನ್) ಬರೆದು ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ಕರೆಯಲು ಮರೆತಾಗ ಪೈಬೈಂಡ್11 ಅಲ್ಲಿಯೇ ತಡೆದು, ಏನು ಮರೆತೆ ಎಂದು ಹೆಸರಿಟ್ಟು ಹೇಳಿತು. ಕಲಿಯುವವರಿಗೆ ಇಂಥ ಸಂದೇಶ ಎಷ್ಟು ದೊಡ್ಡ ಆಸರೆ ಎಂಬುದನ್ನು ಅವನ ಮುಖದಲ್ಲೇ ಕಂಡೆ.

ಆದರೆ ಪೈಬೈಂಡ್11ರ 2.13 ಆವೃತ್ತಿಯಲ್ಲಿ ನನ್ನನ್ನು ಎರಡು ರಾತ್ರಿ ಕೂರಿಸಿದ್ದು ಬೇರೆ. ವಸ್ತುವನ್ನು, ಬಳಸುವವರು ಇರುವವರೆಗೆ ಅದನ್ನು ಅಳಿಯಗೊಡದ ಸಿ++ನ ‘ಶೇರ್ಡ್ ಪಾಯಿಂಟರ್’ನಲ್ಲಿ ಇಟ್ಟಿದ್ದೆ. ವೇರಿಯಬಲ್ ಕೈಯಲ್ಲಿರುವವರೆಗೆ 97. ನಿಯಮ ಹಾಕುವ ಫಂಕ್ಷನ್ ಮುಗಿದ ಮೇಲೆ ಬಿಲ್ ತೆಗೆದರೆ 96.51. ಪಕ್ಕದಲ್ಲಿದ್ದ ಹುಡುಗ ಕೇಳಿದ: “ಅಣ್ಣಾ, ಈಗ ತಾನೇ ಸರಿ ಇತ್ತಲ್ಲ, ನಾವು ಏನನ್ನೂ ಮುಟ್ಟಲಿಲ್ಲವಲ್ಲ?” ನಿಜ, ಮುಟ್ಟಿರಲಿಲ್ಲ. ವಸ್ತುವಿನ ಸಿ++ ಅರ್ಧವನ್ನು ಶೇರ್ಡ್ ಪಾಯಿಂಟರ್ ಬದುಕಿಸಿತ್ತು, ಪೈಥಾನ್ ಅರ್ಧ ಫಂಕ್ಷನ್ ಜೊತೆಗೇ ಅಳಿದಿತ್ತು. ಟ್ರ್ಯಾಂಪೊಲಿನ್ ಓವರ್‌ರೈಡ್ (ಉಪಕ್ಲಾಸಿನ ಬದಲಿ ಲೆಕ್ಕ) ಹುಡುಕಿತು, ಸಿಗಲಿಲ್ಲ, ಮೂಲ ಕ್ಲಾಸಿನ ಲೆಕ್ಕವನ್ನೇ ಕೊಟ್ಟಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸ್ವಿಗ್ ಕುಸಿದಾಗ ಕನಿಷ್ಠ ಚೀಟಿ ಮುದ್ರಣವಾಗಲಿಲ್ಲ. ಇಲ್ಲಿ ತಪ್ಪು ಚೀಟಿ ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕೆಟ್ಟದ್ದು.

‘ಕೀಪ್ ಅಲೈವ್’ ಹಾಕಿದರೆ ಬಿಲ್ ಇರುವವರೆಗೆ ನಿಯಮವೂ ಉಳಿಯುತ್ತದೆ. ಮೂಲ ಫಂಕ್ಷನನ್ನು ದೇಹವಿಲ್ಲದ ಶುದ್ಧ ವರ್ಚುವಲ್ ಮಾಡಿದರೆ ಮೌನ ಮುರಿದು ಎರರ್ ಆದರೂ ಬರುತ್ತದೆ. ಅದನ್ನು ಕೂಡಲೇ ಮಾಡಿದೆ. 2025ರಲ್ಲಿ ಬಂದ 3.0 ಆವೃತ್ತಿಯ ‘ಸ್ಮಾರ್ಟ್ ಹೋಲ್ಡರ್’ ಇದೇ ರೋಗಕ್ಕೆ ಮದ್ದು. ಅದಕ್ಕೆ ಬದಲಾಯಿಸಿ, ಕೀಪ್ ಅಲೈವ್ ತೆಗೆದು ಓಡಿಸಿದೆ: 97.

ನ್ಯಾನೋಬೈಂಡ್ ಕೂಡ ಪೈಬೈಂಡ್11 ಹುಟ್ಟುಹಾಕಿದ ವೆಂಜೆಲ್ ಯಾಕೋಬ್ ಅವರದೇ ಕೈಕೆಲಸ. ಶೇರ್ಡ್ ಪಾಯಿಂಟರ್ ಪೈಥಾನ್ ವಸ್ತುವನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ, ಮೊದಲ ಸಲವೇ 97. ವರ್ಚುವಲ್ ಫಂಕ್ಷನ್‌ಗಳು ಎಷ್ಟು ಎಂದು ಟ್ರ್ಯಾಂಪೊಲಿನ್‌ಗೆ ಮೊದಲೇ ಎಣಿಸಿ ಹೇಳಬೇಕು. ಪ್ರೋಗ್ರಾಂ ಮುಗಿಯುವಾಗ ಬಿಡುಗಡೆಯಾಗದೆ ಉಳಿದ ವಸ್ತುಗಳನ್ನು ಎಣಿಸಿ ತೋರಿಸುತ್ತದೆ. ನನ್ನ ಕೋಡಿನ ಒಂದು ಸೋರಿಕೆ ಸಿಕ್ಕಿದ್ದೇ ಹಾಗೆ. ಆದರೆ ಒಂದು ಕ್ಲಾಸಿಗೆ ಎರಡು ಸಿ++ ಮೂಲ ಕ್ಲಾಸ್‌ಗಳನ್ನು ಅದು ಒಪ್ಪುವುದಿಲ್ಲ. ನನ್ನ ‘ಅಡಿಕೆ’ ಕ್ಲಾಸ್ ‘ಕಡಿತ’ದಿಂದಲೂ ‘ದರ್ಜೆ’ಯಿಂದಲೂ ಹುಟ್ಟುತ್ತದೆ. ಚನ್ನಗಿರಿ ಕಡೆಯ ಅಡಿಕೆ ಲೆಕ್ಕಕ್ಕೆ ಅದು ಬೇಕೇ ಬೇಕು.

ಪೈಥಾನ್‌ನಂತೆ ಬರೆದ ಕೋಡನ್ನು ಸಿ ಅಥವಾ ಸಿ++ಗೆ ಬದಲಿಸುವ ಸೈಥಾನ್ ಅನ್ನೂ ತೆರೆದು ನೋಡಿದೆ. ಪೈಥಾನ್‌ನಿಂದ ಸಿ++ ಕ್ಲಾಸ್ ಬಳಸಲು ಚೆನ್ನ. ಸಿ++ ವರ್ಚುವಲ್ ಫಂಕ್ಷನನ್ನು ಪೈಥಾನ್‌ನಲ್ಲಿ ಓವರ್‌ರೈಡ್ ಮಾಡಲು ನಡುವಿನ ಸಿ++ ಕ್ಲಾಸನ್ನು ಪೂರ್ತಿ ನಾವೇ ಕಟ್ಟಬೇಕು. ಮುಂದುವರಿಯಲಿಲ್ಲ.

ಪೈಬೈಂಡ್11ರ 3.0ನ್ನೇ ಉಳಿಸಿಕೊಂಡಿದ್ದೇನೆ. ಬರೀ ಮೆಕ್ಕೆಜೋಳದ ಅಂಗಡಿಯಾಗಿದ್ದರೆ ನ್ಯಾನೋಬೈಂಡ್ ಹಿಡಿಯುತ್ತಿದ್ದೆ. ಪ್ರತಿ ಬಿಲ್ಡ್‌ನಲ್ಲೂ ಈಗ ಒಂದು ಪರೀಕ್ಷೆ ಓಡುತ್ತದೆ: ನಿಯಮ ಹಾಕು, ವೇರಿಯಬಲ್ ಅಳಿಸು, ಬಳಕೆಯಿಲ್ಲದ ವಸ್ತುಗಳನ್ನು ಅಳಿಸುವ, ಪೈಥಾನ್‌ನ ಕಸ ಗುಡಿಸುವ ಫಂಕ್ಷನ್ ಕರೆ, ಆಮೇಲೆ ಬಿಲ್ ಕೇಳು. ಹುಡುಗ ಹೊಸ ನಿಯಮ ಬರೆದಾಗಲೆಲ್ಲ ಅದರ ಲೆಕ್ಕವನ್ನು ಮೊದಲು ಕಾಗದದ ಮೇಲೆ ಹಾಕಿ, ಬರಬೇಕಾದ ಅಂಕಿಯನ್ನು ಆ ಪರೀಕ್ಷೆಗೆ ತಾನೇ ಸೇರಿಸುತ್ತಾನೆ.