ಕೆಂಪು ರೋಟರ್: ಮೂರು ವರ್ಷ ಓಡಿಸಿದ ಮೇಲೆ

ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣ ಸಾಮಾನಿಗೆ ಇಷ್ಟುದ್ದ ಬರೆಯಬೇಕೇ ಅನ್ನಿಸಬಹುದು. ನನ್ನದು 1969ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ ಡಿಸ್ಟ್ರಿಬ್ಯೂಟರ್ ಅಂದರೆ ಪ್ರತಿ ಪ್ಲಗ್ಗಿಗೂ ಸರದಿಯಂತೆ ಕಿಡಿಯ ಕರೆಂಟ್ ಹಂಚುವ ಡಬ್ಬಿ, ಅದರೊಳಗೆ ತಿರುಗುತ್ತಾ ಆ ಕರೆಂಟ್ ದಾಟಿಸುವ ತುಂಡೇ ರೋಟರ್. ಅದು ಕೈಕೊಟ್ಟರೆ ಎಂಥ ಗಟ್ಟಿ ಎಂಜಿನ್ ಆದರೂ ದಾರಿ ಮಧ್ಯೆ ಸುಮ್ಮನಾಗುತ್ತದೆ. ನನ್ನದು ಎರಡು ಸಲ ಆಯಿತು. ಅದಾದ ಮೇಲೆ ಹಾಕಿಸಿದ್ದು ಈ ರಿವೆಟ್ ಇಲ್ಲದ ಕೆಂಪು ರೋಟರ್. ಮೂರು ವರ್ಷವಾಯಿತು, ಇನ್ನೂ ಅದೇ ಇದೆ.

ಆದರೆ ಇದರ ಗುಣಗಾನ ಮಾಡುವ ಮೊದಲು ನನ್ನ ಸಿಟ್ಟಿನ ಕಥೆ ಹೇಳಲೇಬೇಕು. ಆ ಸಿಟ್ಟಿನಲ್ಲಿ ಅರ್ಧ ನನ್ನದೇ ತಪ್ಪು.

ಕಾರು ಕೈಗೆ ಬಂದ ಹೊಸದರಲ್ಲಿ ಟ್ಯೂನಿಂಗ್ ಮಾಡೋಣವೆಂದು ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಎಬ್ಬಿಸುವ ಪುಟ್ಟ ಸ್ವಿಚ್), ಕಂಡೆನ್ಸರ್ (ಆ ಸ್ವಿಚ್ಚಿನ ಮೂತಿ ಸುಡದಂತೆ ಕಾಯುವುದು), ರೋಟರ್, ಕ್ಯಾಪ್ (ಡಿಸ್ಟ್ರಿಬ್ಯೂಟರಿನ ಮುಚ್ಚಳ) ನಾಲ್ಕೂ ಇರುವ ಒಂದು ಅಗ್ಗದ ಸೆಟ್ ತರಿಸಿದೆ. ಡಬ್ಬಿಯ ಮೇಲೆ ನನ್ನ ಕಾರಿನ ಹೆಸರು, ಇಸವಿ ಎರಡೂ ಸರಿಯಾಗಿಯೇ ಇದ್ದವು. ಹಾಕಲು ಹೋದರೆ ಕ್ಯಾಪ್ ಕೂರಲೊಲ್ಲದು, ಪಾಯಿಂಟ್ ತನ್ನ ಜಾಗಕ್ಕೆ ಇಳಿಯಲೊಲ್ಲದು. ತಯಾರಿಸಿದವರನ್ನು ಮನಸಾರೆ ಬೈದು, ಒಂದೇ ನಕ್ಷತ್ರ ಕೊಟ್ಟು, ವಾಪಸು ಕಳಿಸಿದೆ. ಬೇರೆ ಕಡೆಯಿಂದ ತರಿಸಿದ ಎರಡನೇ ಸೆಟ್ಟಿನದೂ ಅದೇ ಹಾಡು. ಅದಕ್ಕೂ ಒಂದೇ ನಕ್ಷತ್ರ.

ಎರಡು ಕಂಪನಿಯವರೂ ಒಂದೇ ತಪ್ಪು ಮಾಡುವರೇ ಎಂಬ ಅನುಮಾನ ಬಂದದ್ದು ಆಮೇಲೆ. ಎಂಜಿನ್ನಿನ ಬಲ ಮಗ್ಗುಲಲ್ಲಿ ತಗ್ಗಿನಲ್ಲಿ ಕೂತಿರುವ ಡಿಸ್ಟ್ರಿಬ್ಯೂಟರ್ ಕಡೆಗೆ ಬಗ್ಗಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಗಡ್ಡ ಕೆರೆಯುವ ಕನ್ನಡಿ ಹಿಡಿದು, ಚಿಂದಿಯಿಂದ ಎಣ್ಣೆಜಿಡ್ಡು ಒರೆಸಿದೆ. ಮೈಮೇಲೆ ಒತ್ತಿದ ಅಕ್ಷರ ಕನ್ನಡಿಯಲ್ಲಿ ತಿರುವುಮುರುವಾಗಿ ಕಂಡಿತು: 45ಡಿ4. ನನ್ನ ಇಸವಿಯ ಕಾರಿಗೆ ಕಾರ್ಖಾನೆಯಲ್ಲಿ ಕೂರಿಸುತ್ತಿದ್ದದ್ದು ಲ್ಯೂಕಾಸ್ ಕಂಪನಿಯ 25ಡಿ4 ಡಿಸ್ಟ್ರಿಬ್ಯೂಟರ್. ಹಿಂದಿನ ಮಾಲೀಕರಲ್ಲಿ ಯಾರೋ ಹಳೆಯದು ಸವೆದಿತ್ತೆಂದು ಮುಂದಿನ ಮಾದರಿಯದನ್ನು ತಂದು ಕೂರಿಸಿ, ಯಾರಿಗೂ ಹೇಳದೆ ಕಾರು ಮಾರಿದ್ದರು.

ಒಮ್ಮೆ ತಿಳಿದ ಮೇಲೆ ಕನ್ನಡಿಯೂ ಬೇಡ. 25ಡಿ4ರಲ್ಲಿ ಮಗ್ಗುಲಿಗೆ ಅಂಟಿಕೊಂಡ ವ್ಯಾಕ್ಯೂಮ್ ಡಬ್ಬಿಯ ಪಕ್ಕ ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗ್ ಅನ್ನು, ಚೂರುಚೂರೇ ಹಿಂದೆಮುಂದೆ ಮಾಡಲು ಗೀರುಗೀರಾದ ಅಂಚಿನ ಪುಟ್ಟ ತಿರುಗಣೆ ಇರುತ್ತದೆ. 45ಡಿ4ರಲ್ಲಿ ಅದಿಲ್ಲ. ರೋಟರ್ ಕಿತ್ತು ನೋಡಿದರೆ 25ಡಿ4ರ ನೆತ್ತಿಯಲ್ಲಿ ಸ್ಕ್ರೂ ತಲೆ, 45ಡಿ4ರಲ್ಲಿ ಎಣ್ಣೆ ಕುಡಿಯುವ ಫೆಲ್ಟ್ ತುಂಡು. ಇದನ್ನು ನೋಡದೆ ಕಾರಿನ ಇಸವಿ ಹೇಳಿ ಸಾಮಾನು ತರಿಸುವುದೆಂದರೆ ಆಧಾರ್ ಕಾರ್ಡಿನ ವಯಸ್ಸು ನೋಡಿ ಚಪ್ಪಲಿ ಕೊಂಡ ಹಾಗೆ.

ಸರಿ, 45ಡಿ4ರ ಸೆಟ್ ಬಂತು, ನಾಲ್ಕೂ ತಕ್ಕ ಜಾಗದಲ್ಲಿ ಕೂತವು. ಆದರೆ ಕೆಲವೇ ತಿಂಗಳಿಗೆ ಪಾಯಿಂಟ್ ಮೂತಿ ಸುಟ್ಟು ಕಪ್ಪಾಯಿತು. ಮತ್ತೆ ಬೈದೆ. ಇಲ್ಲೂ ಎಡವಿದವನು ನಾನೇ. ನನ್ನ ಬಳಿ ಇದ್ದ ಪುಸ್ತಕ 1969ರದು, ಅದರಲ್ಲಿದ್ದದ್ದು 25ಡಿ4ರ ಡ್ವೆಲ್ ಕೋನ (ಪಾಯಿಂಟ್ ಮುಚ್ಚಿಕೊಂಡಿರುವಷ್ಟು ಹೊತ್ತು ಶಾಫ್ಟ್ ತಿರುಗುವ ಕೋನ), 60 ಡಿಗ್ರಿ, ಆಚೀಚೆ 3. ಡ್ವೆಲ್ ಮೀಟರಿನ ಮುಳ್ಳು 60ಕ್ಕೆ ಬರುವವರೆಗೂ ಪಾಯಿಂಟ್ ಸಂದನ್ನು ಕಿರಿದು ಮಾಡುತ್ತಿದ್ದೆ. 45ಡಿ4ಕ್ಕೆ ಬೇಕಾದದ್ದು 51, ಆಚೀಚೆ 5. ಸಂದು ಕಿರಿದಾದಷ್ಟೂ ಪಾಯಿಂಟ್ ತೆರೆಯುವುದು ತಡ, ಕಿಡಿ ಹಾರಿ ಹಾರಿ ಮೂತಿ ಸುಡುವುದು ಬೇಗ. ಸಂದು ಅಳೆಯುವ ತಗಡಿನ ಎಲೆ, ಫೀಲರ್ ಗೇಜ್, ಮೊದಲ ದಿನದಿಂದಲೂ 'ಇದು ತೀರಾ ಇಕ್ಕಟ್ಟು' ಎಂದು ಹೇಳುತ್ತಲೇ ಇತ್ತು. ಮುಳ್ಳಿರುವ ಮೀಟರ್ ಎದುರು ತಗಡಿನ ಮಾತು ಯಾರು ಕೇಳುತ್ತಾರೆ?

ಇಷ್ಟಾದ ಮೇಲೂ ಉಳಿದ ನಿಜವಾದ ದೂರು ಒಂದೇ, ಆ ಸೆಟ್ಟಿನಲ್ಲಿ ಬಂದ ಕಪ್ಪು ರೋಟರ್. ತಣ್ಣಗಿದ್ದಾಗ ಎಂಜಿನ್ ಒಂದೇ ಸೆಲ್ಫ್‌ಗೆ ಎದ್ದು ಕೂರುತ್ತಿತ್ತು. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ, ಕೆಮ್ಮದೆ ಕ್ಯಾಕರಿಸದೆ, ಸ್ವಿಚ್ ಆರಿಸಿದ ಹಾಗೆ ನಿಂತಿತು. ಪೆಟ್ರೋಲ್ ಬರುತ್ತಿದೆ. ಪಾಯಿಂಟ್ ಸರಿ. ಕಿಡಿಗೆ ಬೇಕಾದಷ್ಟು ವೋಲ್ಟ್ ಏರಿಸುವ ಕಾಯಿಲಿನ ತಂತಿಯನ್ನು ಎಂಜಿನ್ ಕಬ್ಬಿಣದ ಹತ್ತಿರ ಹಿಡಿದರೆ ನೀಲಿ ಕಿಡಿ ಟಪಟಪ ಹಾರುತ್ತದೆ. ಪ್ಲಗ್ಗಿನಲ್ಲಿ ಮಾತ್ರ ಸೊನ್ನೆ. ಮೊದಲ ಸಲ ಕ್ಯಾಪ್ ಬದಲಿಸಿದೆ. ಎಂಜಿನ್ ಎದ್ದಿತು, ನಾನೂ ನಂಬಿದೆ. ಅಸಲಿಗೆ ನಾನು ಕ್ಯಾಪ್ ಬದಲಿಸುವಷ್ಟರಲ್ಲಿ ರೋಟರ್ ತಣಿದಿತ್ತು, ಅಷ್ಟೇ.

ಎರಡನೇ ಸಲ ನಿಂತಾಗ ಪತ್ತೆ ಹಚ್ಚಿದೆ. ಕ್ಯಾಪ್ ಬಿಚ್ಚಿ, ರೋಟರ್ ಇದ್ದಲ್ಲೇ ಬಿಟ್ಟು, ಕಾಯಿಲಿನ ದಪ್ಪ ತಂತಿಯ ತುದಿಯನ್ನು ರೋಟರಿನ ನೆತ್ತಿಯ ಹಿತ್ತಾಳೆ ಪಟ್ಟಿಯಿಂದ ಮೂರ್ನಾಲ್ಕು ಮಿಲಿಮೀಟರ್ ಮೇಲೆ ಹಿಡಿಯಬೇಕು. ಹಿಡಿಯುವುದು ದಪ್ಪ ರಬ್ಬರ್ ಕೈಗವಸಿನಲ್ಲಿ, ಹೊಡೆತ ಸಣ್ಣದಲ್ಲ. ಜೊತೆಯಲ್ಲಿದ್ದವರು ಸೆಲ್ಫ್ ಹೊಡೆಯಬೇಕು. ರೋಟರ್ ಚೆನ್ನಾಗಿದ್ದರೆ ಕಿಡಿಗೆ ಹೋಗಲು ದಾರಿಯೇ ಇಲ್ಲ. ನನ್ನದರಲ್ಲಿ ಒಂದರ ಹಿಂದೊಂದು ಹಾರಿತು. ಹಿತ್ತಾಳೆಯನ್ನು ಪ್ಲಾಸ್ಟಿಕ್ಕಿಗೆ ಬಿಗಿದ ರಿವೆಟ್ಟಿನ ಬುಡ ಒಳಗಿನ ಸ್ಪ್ರಿಂಗ್ ಪಟ್ಟಿಗೆ ತೀರಾ ಹತ್ತಿರ, ನಡುವೆ ಉಳಿದ ತೆಳು ಪ್ಲಾಸ್ಟಿಕ್ಕನ್ನು ಕೊರೆದುಕೊಂಡು ಸಾವಿರಾರು ವೋಲ್ಟ್ ನೇರ ಶಾಫ್ಟಿಗೆ ಇಳಿಯುತ್ತಿತ್ತು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು, ಸುತ್ತ ಬೂದು ಕಲೆ.

ಕೆಂಪು ರೋಟರಿನಲ್ಲಿ ಆ ರಿವೆಟ್ಟೇ ಇಲ್ಲ. ಹಿತ್ತಾಳೆಯನ್ನು ಅಚ್ಚಿನಲ್ಲೇ ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿದ್ದಾರೆ. ಬೆಲೆ ಕಪ್ಪಿನದಕ್ಕಿಂತ ಬಹಳ ಜಾಸ್ತಿ, ನನ್ನಂಥ ಜುಗ್ಗನಿಗೆ ಆರ್ಡರ್ ಮಾಡಲು ಒಂದು ವಾರ ಹಿಡಿಯಿತು. ಮೊದಲ ಸಂತೋಷ ಶಾಫ್ಟಿನ ಮೇಲೆ ಇಟ್ಟು ಒತ್ತಿದಾಗಲೇ ಸಿಕ್ಕಿತು. ಕಪ್ಪಿನದು ತೂಗಾಡುತ್ತಾ ಇಳಿಯುತ್ತಿತ್ತು, ಬೆರಳಲ್ಲಿ ಅಲುಗಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಇದು ಗಾಡಿಗೆ ಕಡಾಣಿ ಕೂತ ಹಾಗೆ ಬಿಗಿಯಾಗಿ ಇಳಿದು, ತಳಕ್ಕೆ ಮುಟ್ಟಿದಾಗ ಸಣ್ಣಗೆ 'ಟಕ್' ಎಂದಿತು.

ಆ 'ಟಕ್' ಕೇಳಲೆಂದೇ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತುತ್ತೇನೆ. ಎರಡು ಕ್ಲಿಪ್ ಸರಿಸಿ ಕ್ಯಾಪ್ ಬದಿಗೆ, ರೋಟರ್ ಜೇಬಿಗೆ. ಫೆಲ್ಟಿಗೆ ಎರಡು ಹನಿ ಎಣ್ಣೆ, ಪಾಯಿಂಟ್ ತೆರೆಸುವ ಕ್ಯಾಮಿಗೆ ಉಗುರಿನ ತುದಿಯಷ್ಟು ಗ್ರೀಸ್. ಕಾರನ್ನು ನಾಲ್ಕನೇ ಗೇರಿಗೆ ಹಾಕಿ, ಇಗ್ನಿಷನ್ ಆರಿಸಿಯೇ, ಭುಜ ಕೊಟ್ಟು ಒಂದಿಷ್ಟು ತಳ್ಳಿದರೆ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ನೆತ್ತಿಗೇರುತ್ತದೆ. ಆಗ 0.38 ಮಿಲಿಮೀಟರಿನ ಎಲೆ ತೂರಿಸಬೇಕು. ದಪ್ಪ ಪುಸ್ತಕದಲ್ಲಿ ಸಿಕ್ಕಿಸಿದ ಚೀಟಿ ಎಳೆದಾಗ ಎಷ್ಟು ಹಿಡಿತ ಇರುತ್ತದೋ ಅಷ್ಟಿದ್ದರೆ ಸಾಕು. ಹಿಮ್ಮಡಿ ಸವೆದ ಹಾಗೆ ಸಂದು ಕಿರಿದಾಗುವುದು ಸಹಜ, ಹೊಸ ಪಾಯಿಂಟ್ ಹಾಕಿದ ಮೊದಲ ತಿಂಗಳು ಎರಡು ಸಲ ನೋಡುತ್ತೇನೆ. ಆಮೇಲೆ ಒರೆಸಿದ ರೋಟರ್, ಟಕ್.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡು, ಈ ಪೀಕಲಾಟವೇ ಇರಲ್ಲ ಎಂದು ಗೆಳೆಯ ವರ್ಷಕ್ಕೆರಡು ಸಲ ಹೇಳುತ್ತಾನೆ. ಪಾಯಿಂಟು, ಕಂಡೆನ್ಸರ್ ಹೋಗುತ್ತವೆ, ನಿಜ. ಹಾಗೆ ಮಾಡಿದರೂ ರೋಟರ್ ಇದೇ ತಾನೆ ಎಂದರೆ ಮಾತು ಬದಲಿಸುತ್ತಾನೆ.

ಕೊರತೆ ಇಲ್ಲದಿಲ್ಲ. ಹಿತ್ತಾಳೆಯ ತುದಿಯಲ್ಲಿ ಬಿಳಿ ಬೂಷ್ಟಿನಂಥದು ಕೂರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಉಜ್ಜುಕಾಗದ ಹಚ್ಚಬಾರದು. ಸೆಟ್ಟಿನಲ್ಲಿ ಬಂದ ಕಂಡೆನ್ಸರ್ ಬಗ್ಗೆ ಮಾತ್ರ ಇನ್ನೂ ನಂಬಿಕೆ ಇಲ್ಲ. ಕಾರಿನಲ್ಲಿ ಮೊದಲಿಂದ ಇದ್ದ ಹಳೆಯದನ್ನೇ ಮರಳಿ ಹಾಕಿ ಓಡಿಸುತ್ತಿದ್ದೇನೆ, ಹೊಸದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ.

ಮೊದಲೆರಡು ಸೆಟ್ಟಿಗೆ ಕೊಟ್ಟಿದ್ದ ಒಂಟಿ ನಕ್ಷತ್ರಗಳನ್ನು ಮೊನ್ನೆ ವಾಪಸು ಪಡೆದೆ. ಕಪ್ಪು ರೋಟರಿಗೆ ಕೊಟ್ಟದ್ದು ಹಾಗೆಯೇ ಇದೆ.