ಸರ್ವಾಧಿಕಾರಿ ಮನೋಭಾವ ಅಳೆಯುವ ಉಚಿತ ಟೆಸ್ಟ್: 5ಕ್ಕೆ 3 ಸ್ಟಾರ್ ಯಾಕೆ ಕೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ರೇಟಿಂಗ್ 5ಕ್ಕೆ 3. ಟೆಸ್ಟ್ ಪುಕ್ಕಟೆ, ಹತ್ತು ನಿಮಿಷದ ಕೆಲಸ, ಮೊಬೈಲ್‌ನಲ್ಲೇ ಆಗುತ್ತದೆ. ನಾನು ಮಾಡಿದ ಸೈಟಿನಲ್ಲಿ ಇಂಗ್ಲಿಷ್ ಮಾತ್ರ ಇತ್ತು. ಹೇಳುತ್ತಿರುವುದು ಆರ್‌ಡಬ್ಲ್ಯೂಎ ಸ್ಕೇಲ್ ಬಗ್ಗೆ, ಅಂದರೆ ಒಬ್ಬರಲ್ಲಿ ಬಲಪಂಥೀಯ ಸರ್ವಾಧಿಕಾರಿ ಮನೋಭಾವ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ. ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಇದರ ಸ್ಕ್ರೀನ್‌ಶಾಟ್ ಓಡಾಡುತ್ತಿತ್ತು. 'ನನ್ನದು ಇಷ್ಟು, ನಿನ್ನದು ಎಷ್ಟು' ಅಂತ ಶುರುವಾದದ್ದು, ಅಂಕ ಜಾಸ್ತಿ ಬಂದವರನ್ನು ಫ್ಯಾಸಿಸ್ಟ್ ಅಂತ ಕರೆಯುವವರೆಗೆ ಹೋಯಿತು. ಅದು ನನಗೆ ಸರಿ ಅನ್ನಿಸಲಿಲ್ಲ. ಅದಕ್ಕೇ ಟೆಸ್ಟಿನ ಹಿನ್ನೆಲೆಯನ್ನೂ ಓದಿಕೊಂಡು, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಒಟ್ಟು 22 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಮೈನಸ್ 4ರಿಂದ ಪ್ಲಸ್ 4ರವರೆಗೆ ಎಷ್ಟು ಒಪ್ಪುತ್ತೀರಿ ಅಂತ ಗುರುತು ಹಾಕಬೇಕು. ಮೊದಲ ಎರಡು ಲೆಕ್ಕಕ್ಕೇ ಇಲ್ಲ, ಅವು ಸುಮ್ನೆ ಅಭ್ಯಾಸಕ್ಕೆ. ಉಳಿದ 20ರಲ್ಲಿ ಅರ್ಧ ಉಲ್ಟಾ ಇವೆ, ಒಪ್ಪಿದರೆ ಅಂಕ ಇಳಿಯುತ್ತದೆ. ಮೂಲ ಲೆಕ್ಕದಲ್ಲಿ ಅಂಕ 20ರಿಂದ 180ರ ನಡುವೆ ಬರುತ್ತದೆ. ಮಾಡಿದವರು ಬಾಬ್ ಆಲ್ಟೆಮೇಯರ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ. 1981ರಲ್ಲಿ ಪುಸ್ತಕವಾಗಿ ತಂದು, ಆಮೇಲೆ ಹಲವು ಸಲ ತಿದ್ದಿದರು. ಅವರು ಹುಡುಕಿದ್ದು ಮೂರು ಗುಣ ಒಟ್ಟಿಗೆ ಇರುವವರನ್ನು: ಅಧಿಕಾರದಲ್ಲಿ ಇರುವವರಿಗೆ ತಲೆಬಾಗುವುದು, ಅವರು ಬೆರಳು ತೋರಿಸಿದವರ ಮೇಲೆ ಏರಿಹೋಗುವುದು, ಎಲ್ಲರೂ ಹಳೆಯ ರೂಢಿಯಲ್ಲೇ ನಡೆಯಬೇಕು ಅಂತ ಹಟ ಹಿಡಿಯುವುದು.

ಆ ಸ್ಕ್ರೀನ್‌ಶಾಟ್ ಕಳಿಸುವವರು ಒಂದು ವಿಷಯ ಗಮನಿಸಬೇಕು. ಆಲ್ಟೆಮೇಯರ್ ಅವರೇ, ಒಬ್ಬ ವ್ಯಕ್ತಿಯ ಅಂಕವನ್ನು ಜಾಸ್ತಿ ನಂಬಬೇಡಿ ಅಂತ ಎಚ್ಚರಿಸಿದ್ದರು. ಇದು ಗುಂಪುಗಳನ್ನು ಹೋಲಿಸಲು ಮಾಡಿದ ಅಳತೆ. ಅವರ ವಿದ್ಯಾರ್ಥಿಗಳ ಸರಾಸರಿ ಸುಮಾರು 75 ಇತ್ತು, ಆ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರದು ಸುಮಾರು 90. ಇಂಥ ಹೋಲಿಕೆಗೆ ಇದು ಚೆನ್ನಾಗಿದೆ. 'ನಮ್ಮ ಭಾವನಿಗೆ 118 ಬಂತು, ಆದ್ದರಿಂದ ಅವರು ಹೀಗೆ' ಅನ್ನುವುದಕ್ಕೆ ಇದು ಆಗುವುದಿಲ್ಲ.

ಹಾಗಂತ ಟೆಸ್ಟೇ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಮೂರು ಸ್ಟಾರ್ ಕೊಟ್ಟಿರುವುದು ಅದಕ್ಕೇ. ಆಲ್ಟೆಮೇಯರ್ ಒಂದು ಪ್ರಯೋಗ ಮಾಡಿದ್ದರು. ಸರ್ಕಾರ ಒಂದು ಗುಂಪನ್ನು ನಿಷೇಧಿಸಿ, ಅವರನ್ನು ಹಿಡಿಯಲು ಜನರ ಸಹಾಯ ಕೇಳಿತು ಅಂತ ಇಟ್ಟುಕೊಳ್ಳಿ, ನೀವು ಹೋಗುತ್ತೀರಾ ಅಂತ ಕೇಳಿದರು. ಅಂಕ ಜಾಸ್ತಿ ಇದ್ದವರು ಕಮ್ಯುನಿಸ್ಟರನ್ನು ಹಿಡಿಯಲು ಉಳಿದವರಿಗಿಂತ ಹೆಚ್ಚು ಸಿದ್ಧರಿದ್ದರು. ಅದು ಊಹಿಸಬಹುದಾದದ್ದೇ. ಆದರೆ ಬಲಪಂಥದವರೇ ಆದ ಕು ಕ್ಲಕ್ಸ್ ಕ್ಲಾನ್, ಅಂದರೆ ಬಿಳಿಯರೇ ಮೇಲು ಅನ್ನುವ ಅಮೆರಿಕದ ಹಿಂಸಾತ್ಮಕ ಗುಂಪನ್ನು ಹಿಡಿಯಲೂ ಅವರೇ ಹೆಚ್ಚು ಸಿದ್ಧರಿದ್ದರು. ಅಂದರೆ ಯಾರನ್ನು ಅನ್ನುವುದಕ್ಕಿಂತ, ಹಿಡಿಯಿರಿ ಅಂತ ಮೇಲಿನವರು ಹೇಳಿದರು ಅನ್ನುವುದು ಅವರಿಗೆ ಮುಖ್ಯವಾಗಿತ್ತು. ಇದನ್ನು ಓದಿ ನನಗೆ ನಿಜಕ್ಕೂ ಭಯವಾಯಿತು. 1992ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದೆ, ಸೋವಿಯತ್ ಒಕ್ಕೂಟದ ಜನರ ಮೇಲೆ ಮಾಡಿದ್ದು. ಅಲ್ಲಿ ಅಂಕ ಜಾಸ್ತಿ ಬಂದವರು ಕಮ್ಯುನಿಸಂ ಪರ ಇದ್ದವರು, ಮುಕ್ತ ಮಾರುಕಟ್ಟೆ ಬೇಡ ಅಂದವರು. ಅಲ್ಲಿನ ಅಧಿಕಾರ ಯಾರ ಕೈಯಲ್ಲಿ ಇತ್ತೋ ಅವರಿಗೆ ತಲೆಬಾಗಿದವರು. ಈ ಮನಸ್ಸು ಯಾವುದೋ ಒಂದು ಪಕ್ಷದ ಸ್ವತ್ತಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಹೇಳಿಕೆಗಳನ್ನು ಒಂದೊಂದಾಗಿ ನಿಧಾನಕ್ಕೆ ಓದಿ. ಒಂದೇ ವಾಕ್ಯದೊಳಗೆ ಹಳೆಯ ಮೌಲ್ಯಗಳಿಗೆ ವಾಪಸ್ ಹೋಗಬೇಕು, ಗಟ್ಟಿ ನಾಯಕರು ಬೇಕು, ಕೆಟ್ಟ ವಿಚಾರ ಹರಡುವವರ ಬಾಯಿ ಮುಚ್ಚಿಸಬೇಕು ಅಂತ ಮೂರು ಮಾತು ಇದೆ. ಮೊದಲನೆಯದನ್ನು ಮಾತ್ರ ಒಪ್ಪುವವರು ಎಲ್ಲಿ ಗುರುತು ಹಾಕಬೇಕು? ದೇವರು, ಗರ್ಭಪಾತ, ಸಲಿಂಗಿಗಳು, ನಾಸ್ತಿಕರು, ಬೆತ್ತಲೆ ಕ್ಯಾಂಪ್ ಎಲ್ಲವೂ ಬರುತ್ತವೆ. ಪೂಜೆ ಪುನಸ್ಕಾರ ಅಂತ ಬದುಕಿದ, ಯಾರಿಗೂ ಒಂದು ಏಟು ಬೀಳಬಾರದು ಅನ್ನುವ ಒಬ್ಬ ಅಜ್ಜಿಗೆ ಇಲ್ಲಿ ಅಂಕ ಏರುತ್ತದೆ. ತನಗೆ ಆಗದವರ ಸಭೆ ನಿಲ್ಲಿಸಬೇಕು, ಅವರ ಕೆಲಸ ಕಳೆಯಬೇಕು ಅನ್ನುವ ಒಬ್ಬ ಎಡಪಂಥೀಯ ಹುಡುಗನಿಗೆ ಅಂಕ ಕೆಳಗೇ ಉಳಿಯುತ್ತದೆ, ಯಾಕೆಂದರೆ ಅವನು ಯಾರ ಬಾಯಿ ಮುಚ್ಚಿಸಬೇಕು ಅಂತ ಇದ್ದಾನೋ ಅವರ ಹೆಸರೇ ಈ ಪಟ್ಟಿಯಲ್ಲಿ ಇಲ್ಲ. ತೂಕದ ಕಲ್ಲನ್ನು ಒಂದೇ ಬದಿಯವರು ಮಾಡಿಕೊಂಡು ಬಂದ ಹಾಗಾಯಿತು.

ಈ ತೊಂದರೆ ಆಲ್ಟೆಮೇಯರ್‌ರಿಂದ ಶುರುವಾದದ್ದಲ್ಲ. ಇದರ ಹಿಂದಿನ ಟೆಸ್ಟ್ ಎಫ್ ಸ್ಕೇಲ್, ಎಫ್ ಅಂದರೆ ಫ್ಯಾಸಿಸಂ. ಅದೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದಕ್ಕೆ ನಾನು 1 ಸ್ಟಾರ್ ಕೊಡುತ್ತೇನೆ. ಇತಿಹಾಸದ ಕುತೂಹಲಕ್ಕೆ ನೋಡಿ, ಅಷ್ಟೇ. ಹಿಟ್ಲರ್‌ನ ನಂತರ, ಸಾಮಾನ್ಯ ಜನ ಅಂಥ ಕ್ರೌರ್ಯಕ್ಕೆ ಹೇಗೆ ಕೈ ಜೋಡಿಸಿದರು ಅನ್ನುವ ಪ್ರಶ್ನೆ ಎಲ್ಲರನ್ನೂ ಕಾಡುತ್ತಿತ್ತು. ಅಡಾರ್ನೋ, ಫ್ರೆಂಕೆಲ್-ಬ್ರುನ್ಸ್‌ವಿಕ್, ಲೆವಿನ್ಸನ್, ಸ್ಯಾನ್‌ಫರ್ಡ್ ಎಂಬ ನಾಲ್ವರು ಸಂಶೋಧಕರು ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೂತು ಕೆಲಸ ಮಾಡಿ 1950ರಲ್ಲಿ ಒಂದು ದಪ್ಪ ಪುಸ್ತಕ ತಂದರು. ಪ್ರಶ್ನೆ ತುಂಬಾ ಪ್ರಾಮಾಣಿಕ. ಕೆಲಸದಲ್ಲಿ ಮಾತ್ರ ದೊಡ್ಡ ತೂತುಗಳಿದ್ದವು. ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿನವು, ಒಪ್ಪಿದರೆ ಅಂಕ ಏರುತ್ತದೆ. ಯಾರು ಏನು ಕೇಳಿದರೂ 'ಹೌದು ಸಾರ್' ಅನ್ನುವವರು ಇರುತ್ತಾರಲ್ವಾ, ಅವರೆಲ್ಲ ಫ್ಯಾಸಿಸಂ ಕಡೆ ವಾಲಿದವರ ಲೆಕ್ಕಕ್ಕೆ ಸೇರಿದರು. ಓದು ಕಡಿಮೆ ಇದ್ದವರಿಗೆ ಅಂಕ ಜಾಸ್ತಿ ಬರುತ್ತಿತ್ತು. ಇನ್ನೂ ಕೆಟ್ಟದ್ದೇನೆಂದರೆ, ಆಯ್ದ ಕೆಲವರನ್ನು ಕೂರಿಸಿ ಸಂದರ್ಶನ ಮಾಡುವ ಮೊದಲು, ಸಂದರ್ಶಕರು ಅವರ ಉತ್ತರಗಳನ್ನು ಓದಿಕೊಂಡೇ ಹೋಗುತ್ತಿದ್ದರು. ಎದುರಿಗೆ ಕೂತವರಲ್ಲಿ ಏನನ್ನು ಕಾಣಬೇಕು ಅಂತ ಮೊದಲೇ ಗೊತ್ತು! 1954ರಲ್ಲಿ ಹೈಮನ್ ಮತ್ತು ಶೀಟ್ಸ್‌ಲಿ ಎಂಬ ಇಬ್ಬರು ಸಂಶೋಧಕರು ಇದನ್ನೆಲ್ಲ ಬಿಡಿಸಿ ತೋರಿಸಿದರು. ಅದೇ ವರ್ಷ ಸಮಾಜಶಾಸ್ತ್ರಜ್ಞ ಎಡ್ವರ್ಡ್ ಶಿಲ್ಸ್, ಸ್ಟಾಲಿನ್ ಇನ್ನೂ ಮೊನ್ನೆ ಮೊನ್ನೆವರೆಗೆ ಇದ್ದ ಕಾಲದಲ್ಲಿ ಎಡಗಡೆಯ ಸರ್ವಾಧಿಕಾರಿ ಮನಸ್ಸು ಇವರ ಕಣ್ಣಿಗೇ ಬೀಳಲಿಲ್ಲವಲ್ಲ ಅಂತ ಕೇಳಿದರು.

ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. 1938ರಲ್ಲಿ ಜರ್ಮನಿಯ ನಾಜಿ ಮನಃಶಾಸ್ತ್ರಜ್ಞ ಎರಿಖ್ ಯೆನ್ಶ್ ಕೂಡ ಜನರನ್ನು ಎರಡು ಬಗೆಯಾಗಿ ವಿಂಗಡಿಸಿದ್ದ. ಒಂದು ಬಗೆ ದೃಢ, ಸ್ಥಿರ, ಸಂಶಯ ಇಲ್ಲದ್ದು. ಇನ್ನೊಂದು ಸಡಿಲ, ಎಲ್ಲದರಲ್ಲೂ ಹಲವು ಬಣ್ಣ ಕಾಣುವುದು. ಬರ್ಕ್ಲಿಯ ಆ ನಾಲ್ವರು 1950ರ ಪುಸ್ತಕದಲ್ಲಿ ಬರೆದ ಸರ್ವಾಧಿಕಾರಿ ಮನುಷ್ಯನ ಚಿತ್ರಕ್ಕೂ ಇದಕ್ಕೂ ಬಹಳ ಹೋಲಿಕೆ ಇದೆ. ಆದರೆ ಯೆನ್ಶ್‌ಗೆ ಮೊದಲನೆಯವನು ಒಳ್ಳೆಯವನು, ಎರಡನೆಯವನು ಕೆಟ್ಟವನು. ಬರ್ಕ್ಲಿಯವರಿಗೆ ಅದು ತಿರುಗುಮುರುಗು. ಅಮೆರಿಕದ ಮನಃಶಾಸ್ತ್ರಜ್ಞ ರೋಜರ್ ಬ್ರೌನ್ 1965ರಲ್ಲಿ ಇದನ್ನು ಎತ್ತಿ ತೋರಿಸಿದ್ದರು. ನಾಜಿಯೂ ಇವರೂ ಒಂದೇ ಅಂತ ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ನನ್ನ ಮಾತು ಇಷ್ಟೇ: ಎದುರಿಗಿರುವ ಮನುಷ್ಯನ ಒಂದೇ ಗುಣಕ್ಕೆ ಒಬ್ಬರು 'ಗಟ್ಟಿತನ' ಅನ್ನಬಹುದು, ಇನ್ನೊಬ್ಬರು 'ಕಾಯಿಲೆ' ಅನ್ನಬಹುದು. ಆ ತೀರ್ಪು ಅಂಕದಿಂದ ಬರುವುದಿಲ್ಲ, ಅಳೆಯುವವರಿಂದ ಬರುತ್ತದೆ.

ಅಳೆಯುವವರು ಯಾರು ಅಂತ ಕೇಳಿದರೆ ಉತ್ತರ ಒಂದೇ ಕಡೆ ವಾಲುತ್ತದೆ. 2011ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಸಾಮಾಜಿಕ ಮನಃಶಾಸ್ತ್ರದವರ ಸಮ್ಮೇಳನ ಇತ್ತು. ವೇದಿಕೆ ಮೇಲಿಂದ ಮನಃಶಾಸ್ತ್ರಜ್ಞ ಜೊನಾಥನ್ ಹೈಟ್, ನಿಮ್ಮಲ್ಲಿ ಲಿಬರಲ್, ಅಂದರೆ ಅಲ್ಲಿನ ಲೆಕ್ಕದಲ್ಲಿ ಎಡಗಡೆಯವರು, ಎಷ್ಟು ಜನ ಅಂತ ಕೈ ಎತ್ತಿಸಿದರು. ಸುಮಾರು 1000 ಜನರ ಸಭೆಯಲ್ಲಿ ಶೇಕಡಾ 80ರಷ್ಟು ಕೈಗಳು ಮೇಲೆದ್ದವು ಅಂತ ಅವರ ಅಂದಾಜು. ಕನ್ಸರ್ವೇಟಿವ್, ಅಂದರೆ ಬಲಗಡೆಯವರು, ಯಾರಿದ್ದೀರಿ ಅಂದಾಗ ಎದ್ದದ್ದು 3 ಕೈ. ಇವರೆಲ್ಲ ಬೇಕಂತಲೇ ಮೋಸ ಮಾಡುತ್ತಾರೆ ಅಂತ ಅಲ್ಲ. ಒಂದೇ ಕಡೆಯವರು ಕೂತಿರುವ ಕೋಣೆಯಲ್ಲಿ ಕೆಲವು ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. 2012ರಲ್ಲಿ ಅಮೆರಿಕದ ಒಂದು ದೊಡ್ಡ ರಾಜಕೀಯಶಾಸ್ತ್ರ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಸೈಕೋಟಿಸಿಸಂ ಅನ್ನುವ ಗುಣ, ಅಂದರೆ ಒರಟುತನ, ದುಡುಕು, ಸರ್ವಾಧಿಕಾರಿ ಒಲವು ಇವುಗಳ ಜೊತೆ ಬರುವ ಗುಣ, ಕನ್ಸರ್ವೇಟಿವ್ ನಿಲುವಿನವರಲ್ಲಿ ಜಾಸ್ತಿ ಅಂತ ಅದರಲ್ಲಿತ್ತು. 2016ರಲ್ಲಿ ತಿದ್ದುಪಡಿ ಬಂತು. ರಾಜಕೀಯ ನಿಲುವಿನ ಅಂಕಗಳನ್ನು ಪೂರ್ತಿ ಉಲ್ಟಾ ಓದಿದ್ದರಂತೆ. ಆ ಗುಣ ಜಾಸ್ತಿ ಇದ್ದದ್ದು ಲಿಬರಲ್ ಕಡೆ! ತಮ್ಮ ಮುಖ್ಯ ವಾದ ಬೇರೆಯೇ, ಅದು ಇದರಿಂದ ಕೆಡುವುದಿಲ್ಲ ಅಂತ ಲೇಖಕರು ಹೇಳಿದರು, ಅದೂ ನಿಜವೇ. ಆದರೆ ಇಷ್ಟು ದೊಡ್ಡ ಅದಲುಬದಲು ಅಷ್ಟು ವರ್ಷ ಹಾಗೇ ಉಳಿಯಿತಲ್ಲ. ಉತ್ತರ ಎಲ್ಲರೂ ನಿರೀಕ್ಷಿಸಿದಂತೆಯೇ ಇತ್ತು, ಹಾಗಾಗಿ ಯಾರೂ ಕೆದಕಲಿಲ್ಲ ಅಂತ ನನಗನ್ನಿಸುತ್ತದೆ.

ಎಡಗಡೆಯ ಟೆಸ್ಟ್ ಕಥೆಗೆ ಬರೋಣ. ಆಲ್ಟೆಮೇಯರ್ ಎಡಪಂಥೀಯ ಸರ್ವಾಧಿಕಾರಿಗಳನ್ನು ಹುಡುಕಿ, ಬಹುತೇಕ ಯಾರೂ ಸಿಗಲಿಲ್ಲ ಅಂದರು. ಎಲ್ಲರೂ ಮಾತಾಡುವ, ಆದರೆ ಇದೆ ಅಂತ ಯಾರೂ ತೋರಿಸಲಾಗದ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಭೂತಕ್ಕೆ ಅವರನ್ನು ಹೋಲಿಸಿದರು. ಬಹಳ ಕಾಲ ಇದೇ ಕೊನೆಯ ಮಾತು ಅನ್ನುವ ಹಾಗೆ ನಡೆಯಿತು. 2018ರಲ್ಲಿ ಕಾನ್ವೇ ಮತ್ತು ಜೊತೆಗಾರರು ಆರ್‌ಡಬ್ಲ್ಯೂಎ ಹೇಳಿಕೆಗಳನ್ನೇ ಎಡಗಡೆಗೆ ತಿರುಗಿಸಿ ಕೇಳಿದರು, ಭೂತ ಸಿಕ್ಕಿತು. 2022ರಲ್ಲಿ ಕಾಸ್ಟೆಲೋ ಮತ್ತು ಜೊತೆಗಾರರು 39 ಹೇಳಿಕೆಗಳ ಹೊಸ ಅಳತೆ ತಂದರು. ಮೇಲಿರುವವರನ್ನು ಕೆಡವಿ ಶಿಕ್ಷಿಸಬೇಕು ಅನ್ನುವ ಸಿಟ್ಟು, ಎದುರು ಮಾತನ್ನು ಅಧಿಕಾರ ಬಳಸಿ ಅಡಗಿಸಬೇಕು ಅನ್ನುವ ಒಲವು, ಹಳೆಯದನ್ನು ಇಟ್ಟುಕೊಂಡವರೆಲ್ಲ ಕೀಳು ಅನ್ನುವ ಭಾವ, ಈ ಮೂರನ್ನು ಅದು ಅಳೆಯುತ್ತದೆ. ಎರಡೂ ಕಡೆಯ ಸರ್ವಾಧಿಕಾರಿ ಮನಸ್ಸುಗಳಲ್ಲಿ ಹೋಲುವ ಗುಣಗಳು ಬಹಳ ಇವೆ ಅಂತ ಅವರಿಗೆ ಕಂಡಿತು. ಈ ಟೆಸ್ಟಿಗೂ ನನ್ನದು 3 ಸ್ಟಾರ್. ಇದನ್ನು ಪ್ರಶ್ನಿಸುವ ಸಂಶೋಧಕರೂ ಇದ್ದಾರೆ. ಒಂದೇ ವಾಕ್ಯಕ್ಕೆ ಹಲವು ಮಾತು ತುರುಕುವ ಹಳೇ ಕಾಯಿಲೆ ಇಲ್ಲೂ ಪೂರ್ತಿ ಹೋಗಿಲ್ಲ, ಅಮೆರಿಕದ ಜಗಳಗಳೇ ತುಂಬಿವೆ.

ನೀವು ಟೆಸ್ಟ್ ಮಾಡುವುದಾದರೆ ಎರಡನ್ನೂ ಮಾಡಿ, ಬೇರೆ ಬೇರೆ ದಿನ. ಅಂಕಕ್ಕಿಂತ, ಯಾವ ಹೇಳಿಕೆ ಓದುವಾಗ 'ಇದರಲ್ಲಿ ತಪ್ಪೇನಿದೆ' ಅಂತ ಅನ್ನಿಸಿತೋ ಅದರ ಹತ್ತಿರ ನಿಲ್ಲಿ. ಅದರಲ್ಲಿರುವ ಗುಂಪಿನ ಹೆಸರು ತೆಗೆದು ನಿಮ್ಮ ಕಡೆಯವರ ಹೆಸರು ಹಾಕಿ ಓದಿ. ಆಗಲೂ ಒಪ್ಪುತ್ತೀರಾ? ನನಗೆ ಈ ಟೆಸ್ಟ್‌ನಿಂದ ಸಿಕ್ಕ ನಿಜವಾದ ಪ್ರಯೋಜನ ಇದು. ಗ್ರೂಪ್‌ನಲ್ಲಿ ಅಂಕ ಹಂಚಿಕೊಳ್ಳಬೇಡಿ. ಮನೆಯ ಹಿರಿಯರ ಕೈಗೆ ಮೊಬೈಲ್ ಕೊಟ್ಟು ಮಾಡಿಸಿ ಆಮೇಲೆ ಹೀಯಾಳಿಸುವುದಂತೂ ಬೇಡವೇ ಬೇಡ.

ನಮ್ಮ ಕಡೆಯವರಿಗೆ ಇದು ಹೊಂದುತ್ತದಾ ಅಂತ ಕೇಳಿದರೆ, ಈಗಿರುವ ರೂಪದಲ್ಲಿ ಇಲ್ಲ. ವಿಷಯ ಮಾತ್ರ ನಮಗೆ ಬೇಕಾದದ್ದೇ. ಸಂಸತ್ತು, ಕೋರ್ಟು ಅಡ್ಡ ಬರದ ಗಟ್ಟಿ ನಾಯಕ ಇದ್ದರೆ ಒಳ್ಳೆಯದು ಅಂತ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2017ರ ಸಮೀಕ್ಷೆಯಲ್ಲಿ ಭಾರತದ ಶೇಕಡಾ 55 ಜನ ಹೇಳಿದ್ದರು. ಆದರೆ ಅಳತೆ ಬೇರೆ ಬೇಕು. ಅಮೆರಿಕದ ಚುನಾವಣಾ ಅಧ್ಯಯನದಲ್ಲಿ 1992ರಿಂದ ಇನ್ನೊಂದು ಚಿಕ್ಕ ಟೆಸ್ಟ್ ಇದೆ, ನಾಲ್ಕೇ ಪ್ರಶ್ನೆ. ಮಕ್ಕಳಲ್ಲಿ ಯಾವುದು ಮುಖ್ಯ, ಸ್ವತಂತ್ರ ಬುದ್ಧಿಯೋ ಹಿರಿಯರ ಮೇಲಿನ ಗೌರವವೋ, ಹೀಗೆ. ರಾಜಕೀಯದ ಮಾತೇ ಇಲ್ಲ, ಜಾಣತನದ ಉಪಾಯ. ಆದರೂ 2014ರಲ್ಲಿ ಪೆರೆಜ್ ಮತ್ತು ಹೆದರಿಂಗ್ಟನ್ ಪರೀಕ್ಷಿಸಿದಾಗ, ಆ ನಾಲ್ಕು ಪ್ರಶ್ನೆಗಳು ಕಪ್ಪು ಮತ್ತು ಬಿಳಿ ಅಮೆರಿಕನ್ನರಲ್ಲಿ ಒಂದೇ ವಿಷಯವನ್ನು ಅಳೆಯುತ್ತಿರಲಿಲ್ಲ. ಒಂದೇ ದೇಶದೊಳಗೇ ಹೀಗೆ. ಹಿರಿಯರ ಕಾಲಿಗೆ ಬೀಳುವುದನ್ನು ನಡೆಯಲು ಕಲಿತಾಗಿನಿಂದ ರೂಢಿ ಮಾಡಿಕೊಂಡ ನಮ್ಮ ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿದರೆ ಏನು ತಿಳಿಯುತ್ತದೆ?

ಇಲ್ಲಿಗೆ ಬೇಕಾದ ಟೆಸ್ಟಿನಲ್ಲಿ ಜಾತಿಯ ಹಿರಿಯರ ಮಾತು ಮೀರುವುದು, ಮಠದ ಸ್ವಾಮಿಗಳನ್ನು ಪ್ರಶ್ನಿಸುವುದು, ಪಕ್ಷದ ನಾಯಕನ ತಪ್ಪನ್ನು ಕಾರ್ಯಕರ್ತನೇ ಹೇಳುವುದು, ಮೆಚ್ಚಿನ ನಟನ ವಿರುದ್ಧ ಬರೆದವನಿಗೆ ಏನಾಗಬೇಕು ಅನ್ನುವುದು, ಪ್ರಗತಿಪರರ ಸಭೆಯಲ್ಲಿ ಒಪ್ಪದವನಿಗೆ ಮೈಕ್ ಕೊಡುವುದೋ ಬೇಡವೋ ಅನ್ನುವುದು, ಇವೆಲ್ಲ ಇರಬೇಕು. ಬರೆಯುವ ಮೇಜಿನ ಸುತ್ತ ಎಲ್ಲ ಕಡೆಯವರೂ ಕೂತು ಜಗಳವಾಡಿಯೇ ಪ್ರಶ್ನೆ ಆರಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಮನಃಶಾಸ್ತ್ರ ವಿಭಾಗಗಳಲ್ಲಿ ಯಾರಾದರೂ ಇದಕ್ಕೆ ಕೈ ಹಾಕಿದರೆ, ಮೊದಲ ದಿನವೇ ಉತ್ತರ ತುಂಬಿ ಕೊಡುವವರಲ್ಲಿ ನಾನೂ ಇರುತ್ತೇನೆ.